ಸೇಡಂನಿಂದ ಬಾಣಂತಿ ತಂಗಿಯ ಬಗ್ಗೆ ಕೇಳಿದವರಿಗೆ

ಅಕ್ಕಾ, ಹೆರಿಗೆಯಾಗಿ ಆರು ವಾರವಾದರೂ ತಂಗಿ ಅಳುತ್ತಾಳೆ, ಕೂಸನ್ನು ಎತ್ತಿಕೊಳ್ಳುವುದಿಲ್ಲ, ಮಾತ್ರೆ ಶುರು ಮಾಡಿದರೆ ಎದೆಹಾಲು ಬಿಡಿಸಬೇಕಾ ಅಂತ ಕೇಳಿದ್ದೀರಿ.

ಹೆರಿಗೆಯಾದ ಮೇಲೆ ಸುಮ್ನೆ ಅಳು ಬರುವುದು ತುಂಬಾ ಜನಕ್ಕೆ ಆಗುತ್ತದೆ. ಆದರೆ ಅದು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಆರು ವಾರ ಅಂದರೆ ಇನ್ನು ಕಾಯಬೇಡಿ. ಇದು ಗಾಳಿ ಸೋಕಿದ್ದಲ್ಲ, ಸೊಕ್ಕೂ ಅಲ್ಲ, ಹೆರಿಗೆ ನಂತರದ ಖಿನ್ನತೆ ಅನ್ನೋ ಕಾಯಿಲೆ ಇರಬಹುದು. ನನಗೂ ಯಾದಗಿರಿಯ ತವರಲ್ಲಿ ಹೀಗೇ ಆಗಿತ್ತು. ತೊಟ್ಟಿಲ ಹಗ್ಗ ಕೈಯಲ್ಲೇ ಇರುತ್ತಿತ್ತು, ಕೂಸು ಅಳುತ್ತಿತ್ತು, ಕೈ ಮಾತ್ರ ಅಲ್ಲಾಡುತ್ತಿರಲಿಲ್ಲ. ‘ಎಲ್ಲರೂ ಹಡೆದಿಲ್ವಾ’ ಅಂದಾಗ ಇನ್ನೂ ಕುಗ್ಗಿದೆ. ಆ ಮಾತು ತಂಗಿಗೆ ಯಾರೂ ಹೇಳದಂತೆ ನೋಡಿಕೊಳ್ಳಿ.

ಹಾಲು ಸಾಮಾನ್ಯವಾಗಿ ಬಿಡಿಸಬೇಕಿಲ್ಲ. ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಥರದ ಮಾತ್ರೆ ಎದೆಹಾಲಿಗೆ ಬಹಳ ಕಡಿಮೆ ಸೇರುತ್ತದೆ. ಹಾಲು ಕುಡಿಸುತ್ತಿದ್ದಾಳೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಅದಕ್ಕೆ ತಕ್ಕಂತೆ ಬರೆಯುತ್ತಾರೆ. ಥೈರಾಯ್ಡ್, ರಕ್ತಹೀನತೆ ಎರಡನ್ನೂ ಪರೀಕ್ಷೆ ಮಾಡಿಸಿ. ಅವುಗಳಿಂದಲೂ ಸುಸ್ತು, ಬೇಸರ ಬರುತ್ತದೆ.

ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಅಲ್ಲಿಗೆ ಹೋಗುವ ಮುಂಚೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಂದು ಮಾತು ಮಾತ್ರ ಮರೀಬೇಡಿ. ಸಾಯುವ ಮಾತಾಡಿದರೆ, ಯಾರದೋ ದನಿ ಕೇಳುತ್ತದೆ ಅಂದರೆ, ಕೂಸಿಗೆ ಏನಾದರೂ ಮಾಡಿಬಿಡುತ್ತೇನೆ ಅಂದರೆ, ಅದೇ ಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಬ್ಬಳನ್ನೇ ಬಿಡಬೇಡಿ.

ಇವತ್ತು ರಾತ್ರಿ ಹಾಲು ಕುಡಿಸಿದ ಮೇಲೆ ಕೂಸನ್ನು ನೀವೇ ಇಟ್ಟುಕೊಳ್ಳಿ. ಅವಳು ಮೂರು ನಾಲ್ಕು ತಾಸು ಮಲಗಲಿ.