ಒಬ್ಬಳಿಗೋಸ್ಕರ ಓಡ್ತಿದ್ದ ರೈಲು ನಿಜಾನಾ?

ಪ್ರಶ್ನೆ: ಜಪಾನಲ್ಲಿ ಒಬ್ಬಳೇ ಹುಡುಗಿ ಸ್ಕೂಲಿಗೆ ಹೋಗ್ಲಿ ಅಂತ ಅವಳು ಪಾಸಾಗೋವರೆಗೂ ಒಂದು ಸ್ಟೇಷನ್ ಮುಚ್ಚದೆ ಇಟ್ಟಿದ್ರಂತೆ, ವಾಟ್ಸಾಪಲ್ಲಿ ಓದಿದೆ. ಹೌದಾ ಸರ್?

ಉತ್ತರ: ಅರ್ಧ ನಿಜ. ಈ ಸುದ್ದಿ ಹಬ್ಬಿದ್ದು 2016ರ ಜನವರೀಲಿ, ಹೊಕ್ಕೈಡೊ ದ್ವೀಪದ ಕಾಮಿ ಶಿರತಾಕಿ ಸ್ಟೇಷನ್ ಹೆಸರಲ್ಲಿ. ಅಲ್ಲಿ ದಿನಕ್ಕೆ ಆ ಕಡೆಗೊಂದು ಈ ಕಡೆಗೊಂದು ರೈಲು ನಿಲ್ತಿತ್ತು ಅಷ್ಟೆ. ಆದ್ರೆ ಹುಡುಗಿ ಹತ್ತುತಿದ್ದಿದ್ದು ಅದೇ ಸೆಕಿಹೊಕು ಲೈನಿನ ಕ್ಯೂ ಶಿರತಾಕೀಲಿ, 1947ರಲ್ಲಿ ಶುರುವಾದ ಸ್ಟೇಷನ್ನು, ಒಂದೇ ಪ್ಲಾಟ್‌ಫಾರ್ಮು, ಕೂರೋಕೆ ಮರದ ಪುಟ್ಟ ಶೆಡ್ಡು, ಚಳಿಗಾಲದಲ್ಲಿ ಸುತ್ತ ಬರೀ ಹಿಮ, ಅಲ್ಲಿಂದ ಎಂಗರು ಊರಿನ ಹೈಸ್ಕೂಲಿಗೆ ಹೋಗ್ತಿದ್ಲು. ರೈಲಲ್ಲಿ ಬೇರೆ ಸ್ಟೇಷನ್‌ಗಳಿಂದ ಹತ್ತೋ ಮಕ್ಕಳೂ ಇರ್ತಿದ್ರು.

2016ರ ಮಾರ್ಚ್ 26ಕ್ಕೆ ಕಾಮಿ, ಕ್ಯೂ, ಶಿಮೊ ಶಿರತಾಕಿ ಮೂರೂ ಬಂದಾದ್ವು, ಕಾರಣ ಹತ್ತೋರು ತೀರಾ ಕಮ್ಮಿ ಇದ್ರು. ಜಪಾನಲ್ಲಿ ಹೊಸ ಟೈಮ್‌ಟೇಬಲ್ ಬರೋದೂ ಮಾರ್ಚಲ್ಲೇ, ಶಾಲೆ ವರ್ಷ ಮುಗಿಯೋದೂ ಮಾರ್ಚಲ್ಲೇ, ಹಾಗಾಗಿ ಅವಳು ಪಾಸಾಗಿದ್ದೂ ಬೀಗ ಬಿದ್ದಿದ್ದೂ ಒಟ್ಟೊಟ್ಟಿಗೆ ಬಂತು. ನನಗಂತೂ ಕಟ್ಟುಕಥೆಗಿಂತ ಅಷ್ಟು ಕಡಿಮೆ ಜನರಿಗೂ ಅಷ್ಟು ವರ್ಷ ಅಲ್ಲಿ ರೈಲು ನಿಲ್ತಿತ್ತಲ್ಲ, ಅದೇ ದೊಡ್ಡದು ಅನ್ಸುತ್ತೆ.