ನೂರು ವರ್ಷದ ಶಾಲೆ ಕೆಡವಲು ಹೊರಟಿದ್ದಾರೆ, ಏನು ಮಾಡೋಣ?

ಪ್ರಶ್ನೆ: ನಾನು ಓದಿದ ಸರ್ಕಾರಿ ಶಾಲೆಯ ಕಟ್ಟಡ ಬ್ರಿಟಿಷರ ಕಾಲದ್ದು. ಕಲ್ಲಿನ ಗೋಡೆ, ತೇಗದ ತೊಲೆ, ಮಂಗಳೂರು ಹಂಚು. ಈಗ ‘ಶಿಥಿಲವಾಗಿದೆ’ ಎಂದು ಅದನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಧರಣಿ ಕೂರಬೇಕು ಅಂದುಕೊಂಡಿದ್ದೇವೆ. ಇಷ್ಟು ಹಳೆಯ ಕಟ್ಟಡ ಕೆಡವಲು ಕಾನೂನು ಬಿಡುತ್ತದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬಿಡುತ್ತದೆ. ನೂರು ವರ್ಷ ದಾಟಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. 1958ರ ಕೇಂದ್ರ ಕಾಯ್ದೆ ಅಥವಾ 1961ರ ರಾಜ್ಯ ಕಾಯ್ದೆಯಡಿ ಸಂರಕ್ಷಿತ ಸ್ಮಾರಕ ಎಂದು ಘೋಷಣೆ ಆಗಿರಬೇಕು. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಅದು ಇದೆ. ನಿಮ್ಮ ಶಾಲೆಗೆ ಬಹುಶಃ ಇರಲಿಕ್ಕಿಲ್ಲ.

ಹಾಗಾಗಿ ಧರಣಿ ಆಮೇಲೆ, ಮೊದಲು ಕಾಗದ. ಶಿಥಿಲ ಎಂದವರು ಯಾರು? ಏನು ನೋಡಿ ಹಾಗೆ ಬರೆದರು? ತಪಾಸಣೆ ವರದಿ, ಫೋಟೊ, ಕೆಡವುವ ಆದೇಶದ ಪ್ರತಿ ಕೊಡಿ ಎಂದು ಆರ್‌ಟಿಐ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಶಾಲೆಯ ಹಿರಿಮೆ ಬರೆಯಲು ಹೋಗಬೇಡಿ, ಜಾಗ ಸಾಲದು. ಉತ್ತರಕ್ಕೆ 30 ದಿನ ಅವಕಾಶ ಇರುತ್ತದೆ. ಜೆಸಿಬಿ ಅಷ್ಟು ದಿನ ಕಾಯಲ್ಲ ಅಲ್ವಾ? ಅದಕ್ಕೇ ಅದೇ ದಿನ ಜಿಲ್ಲಾಧಿಕಾರಿಗೂ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೂ ಲಿಖಿತ ಆಕ್ಷೇಪಣೆ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ವರದಿ ಕೈಗೆ ಬಂದ ಮೇಲೆ ಚೆನ್ನಾಗಿ ಓದಿ. ಕಾಂಕ್ರೀಟ್ ಕಟ್ಟಡ ಮಾತ್ರ ಬಲ್ಲ ಎಂಜಿನಿಯರ್‌ಗೆ ಹಳೆಯ ಗೋಡೆಯ ಬಿರುಕು ಕಂಡರೆ ಸಾಕು, ‘ಶಿಥಿಲ’ ಎಂದು ಬರೆದುಬಿಡುತ್ತಾರೆ. ಇಂಥ ಕಟ್ಟಡಗಳಲ್ಲಿ ನಿಜವಾದ ಕಾಯಿಲೆ ಸಾಮಾನ್ಯವಾಗಿ ನೀರು. ಒಡೆದ ಹಂಚು ವರ್ಷಗಟ್ಟಲೆ ಬದಲಾಗಿರುವುದಿಲ್ಲ. ಮಳೆನೀರು ಇಳಿದು, ಗೋಡೆಯೊಳಗೆ ಕೂತ ತೊಲೆಯ ತುದಿ ಕೊಳೆಯುತ್ತದೆ. ನಡುವಿನ ಮರ ಗಟ್ಟಿಯಾಗಿಯೇ ಇರುತ್ತದೆ. ಇದರ ಜೊತೆಗೆ ಯಾರೋ ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿದಿರುತ್ತಾರೆ. ಒಳಗಿನ ತೇವ ಹೊರಬರಲು ದಾರಿ ಇರುವುದಿಲ್ಲ, ಗೋಡೆ ಉದುರತೊಡಗುತ್ತದೆ. ಇವೆಲ್ಲ ದುರಸ್ತಿಯಾಗುವ ಕೆಲಸ. ಕೊಳೆತ ತುದಿ ಕತ್ತರಿಸಿ ಹೊಸ ಮರ ಜೋಡಿಸಬಹುದು, ಸಿಮೆಂಟ್ ಕಿತ್ತು ಮತ್ತೆ ಸುಣ್ಣದ ಗಾರೆ ಮಾಡಿಸಬಹುದು. ಇದನ್ನು ನೀವು ಹೇಳಿದರೆ ಯಾರೂ ಕೇಳಲ್ಲ. ಹಳೆಯ ಕಟ್ಟಡಗಳಲ್ಲಿ ಕೆಲಸ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್‌ರಿಂದ ಎರಡನೇ ವರದಿ ಮಾಡಿಸಿ. ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯನ್ನು ಕೇಳಿ. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಸಿವಿಲ್, ಆರ್ಕಿಟೆಕ್ಚರ್ ವಿಭಾಗದವರನ್ನೂ ಕೇಳಬಹುದು.

ಆ ವರದಿಯೂ ಅಪಾಯ ಎಂದರೆ? ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ಆಧಾರ ಕಂಬ ಕೊಡಿಸಿ. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಈ ವಿಷಯದಲ್ಲಿ ಹಟ ಬೇಡ.

ಹೈಕೋರ್ಟಿನ ಧಾರವಾಡ ಪೀಠದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಬಹುದು, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. 1980ರ ದಶಕದಲ್ಲಿ ಬೆಂಗಳೂರಿನ ಅಠಾರ ಕಚೇರಿಯನ್ನೇ (ಹೈಕೋರ್ಟ್ ಇರುವ ಕೆಂಪು ಕಟ್ಟಡ) ಕೆಡವಲು ಹೊರಟಿದ್ದರು. ಅರ್ಜಿ ಕೋರ್ಟಿನಲ್ಲಿ ಸೋತಿತು. ಕಟ್ಟಡ ಉಳಿದದ್ದು ಜನರ ವಿರೋಧದಿಂದ.

‘ಕೆಡವಬೇಡಿ’ ಎಂದಷ್ಟೇ ಹೇಳಿದರೂ ಆಗಲ್ಲ. ಉಳಿಸಿ ಏನು ಮಾಡುತ್ತೀರಿ ಎಂದು ಕೇಳಿಯೇ ಕೇಳುತ್ತಾರೆ. ನಿಮ್ಮ ಊರಿನ ಕರ್ನಾಟಕ ಕಾಲೇಜಿನ ಕಟ್ಟಡ ತೋರಿಸಿ. ಅದನ್ನು ಕಟ್ಟಿದ್ದು ಸದರ್ನ್ ಮರಾಠಾ ರೈಲ್ವೆಯ ಕಚೇರಿಗೆ. ರೈಲ್ವೆಯವರು ಹೋದ ಮೇಲೆ ಕಾಲೇಜು ಬಂತು, ಕಟ್ಟಡ ಬದುಕಿತು. ಮೈದಾನದಲ್ಲಿ ಜಾಗ ಇದ್ದರೆ ಹೊಸ ಕೊಠಡಿಗಳು ಹಿಂದೆ ಬರಲಿ, ಹಳೆಯದು ಗ್ರಂಥಾಲಯವೋ ಸಭಾಂಗಣವೋ ಆಗಲಿ ಎಂದು ನಕ್ಷೆ ಸಮೇತ ಕೊಡಿ.

ಇನ್ನೊಂದು ಮಾತು. ಹಳೆಯ ವಿದ್ಯಾರ್ಥಿಗಳ ಸಭೆಗಿಂತ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗಿ. ಈಗ ಅಲ್ಲಿ ಓದುತ್ತಿರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಬೇಕಿರುವುದು ಸೋರದ ಕೊಠಡಿ, ಶೌಚಾಲಯ. ‘ನಮಗೆ ಹೊಸ ಕಟ್ಟಡವೇ ಬೇಕು’ ಎಂದು ಅವರು ಸಹಿ ಮಾಡಿ ಕೊಟ್ಟರೆ ನಿಮ್ಮ ಧರಣಿಗೆ ಅಧಿಕಾರಿಗಳು ಅದೇ ಕಾಗದ ತೋರಿಸುತ್ತಾರೆ.