ಹಣ್ಣಿನ ತೋಟದಲ್ಲಿ ರೆಂಬೆ ಸವರಲು ಎಂಥ ಬ್ಯಾಟರಿ ಕತ್ತರಿ ಕೊಳ್ಳಬೇಕು?

ಮೊದಲು ನೀವು ಕತ್ತರಿಸುವ ರೆಂಬೆ ಎಷ್ಟು ದಪ್ಪ ಅಂತ ನೋಡಿ. ಹೆಚ್ಚಿನವು ಹೆಬ್ಬೆರಳಿನಷ್ಟಿದ್ದರೆ 25–30 ಮಿ.ಮೀ. ಕತ್ತರಿಸುವ ಬ್ಯಾಟರಿ ಕತ್ತರಿ ಸಾಕು. ಕತ್ತರಿಯ ಅಳತೆಗೆ ಮೀರಿದ ದಪ್ಪದ ಕೊಂಬೆಗೆ ಸಣ್ಣ ಚೈನ್ ಗರಗಸದಂಥದ್ದು ಬೇಕು. ಕತ್ತರಿಯಲ್ಲಿ ಸುಮ್ನೆ ಒದ್ದಾಡಿದರೆ ಬ್ಲೇಡ್ ಸಿಕ್ಕಿಕೊಳ್ಳುತ್ತದೆ, ತೊಗಟೆಯೂ ಸೀಳುತ್ತದೆ.

ಬ್ಲೇಡುಗಳು ಒಂದರ ಪಕ್ಕ ಒಂದು ಸರಿದು ಹೋಗುವಂತಿರಲಿ. ಚಪ್ಪಟೆ ಪಟ್ಟಿಯ ಮೇಲೆ ಒತ್ತಿ ಕತ್ತರಿಸುವ ಬಗೆ ಹಸಿ ರೆಂಬೆಯನ್ನು ಜಜ್ಜುತ್ತದೆ. ಗಾಯ ಮಾಯುವುದು ತಡ.

ತೂಕವನ್ನು ಕೈಯಲ್ಲಿ ಹಿಡಿದೇ ನೋಡಿ. ಬೆಳಗ್ಗೆ ಹಗುರ ಅನಿಸಿದ್ದು ಸಂಜೆಗೆ ಮಣಿಕಟ್ಟು ನೋಯಿಸುತ್ತದೆ. ದಿನವಿಡೀ ಕೆಲಸವಿದ್ದರೆ ಬ್ಯಾಟರಿಯನ್ನು ಬೆನ್ನಿಗೆ ಕಟ್ಟುವ ಮಾದರಿಯೇ ವಾಸಿ, ಆದರೆ ಬ್ಯಾಟರಿಯ ವೈರ್ ರೆಂಬೆಗೆ ಸಿಕ್ಕುವ ಕಿರಿಕಿರಿ ಇದ್ದೇ ಇದೆ.

ಬೆರಳನ್ನೂ ಈ ಕತ್ತರಿ ಸಲೀಸಾಗಿ ಕತ್ತರಿಸುತ್ತದೆ. ಟ್ರಿಗರ್ ಒತ್ತುವಾಗ ಇನ್ನೊಂದು ಕೈ ದೂರವಿರಲಿ.